ಮಹಡಿಯ ಮೇಲಿನ ಕುರ್ಚಿ

ಬಾಗಲಗುಂಟೆ

ಓನರಮ್ಮ ಚಿಕ್ಕಮುನಿಯಮ್ಮನವರಿಗೆ, ಎದುರಿನ ಬಾಡಿಗೆ ಕೋಣೆಯ ಮಹಾನಂದಾ ಮಾಡುವ ನಮಸ್ಕಾರ.

ನೀವು ಬ್ರೂಕ್‌ಫೀಲ್ಡಿನ ಮಗಳ ಮನೆಗೆ ಹೋದಾಗಿನಿಂದ ದಿನಾ ಮೋಟರ್ ಹಾಕಿ ಟ್ಯಾಂಕ್ ತುಂಬಿಸುತ್ತಿದ್ದೇನೆ. ತುಳಸಿ ಚೆನ್ನಾಗಿದೆ. ಇದೊಂದನ್ನು ಮಾತ್ರ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಕಳ್ಳರ ಭಯಕ್ಕೆ ನಿಮ್ಮ ಯಜಮಾನರು ತಮ್ಮ ಲೈಸೆನ್ಸ್ ಪಿಸ್ತೂಲಿಗೆ ಲೇಸರ್ ಹಾಕಿಸಿದ್ದು ನೆನಪಿರಬೇಕು. ಸಂಜೆ ಮಹಡಿಯ ಕುರ್ಚಿಯಲ್ಲಿ ಕೂತು ಗುರಿ ನೋಡುವಾಗ ಕೆಂಪು ಚುಕ್ಕೆ ನಮ್ಮ ಗೋಡೆಗೆ ಬೀಳುತ್ತಿತ್ತು. ನನ್ನ ಮಗಳು ಶ್ರಾವಣಿ ಅದನ್ನು ಹಿಡಿಯಲು ಓಡುತ್ತಿದ್ದಳು. ಬೇಡ ಅಂದರೆ, “ಗುಂಡಿಲ್ಲ ಕಣಮ್ಮಾ, ಬರೀ ಲೈಟು. ಎದೆ ಮ್ಯಾಲೆ ಕೆಂಪು ಕಂಡ್ರೆ ಸಾಕು, ಕಳ್ಳ ಅಂಗೇ ಓಡೋಯ್ತಾನೆ” ಎಂದು ನಗುತ್ತಿದ್ದರು.

ಅವರು ತೀರಿಕೊಂಡ ಮೇಲೆ ಪಿಸ್ತೂಲನ್ನು ಠಾಣೆಗೆ ಒಪ್ಪಿಸಲು ನಿಮ್ಮ ಜೊತೆ ನಾನೂ ಬಂದಿದ್ದೆ. ಲೇಸರನ್ನೂ ಪೊಲೀಸರು ಅದರೊಂದಿಗೇ ಒಳಗಿಟ್ಟದ್ದನ್ನು ಕಣ್ಣಾರೆ ನೋಡಿದೆ.

ನಿನ್ನೆ ಸಂಜೆ ಶ್ರಾವಣಿಯ ಹಣೆಯಲ್ಲಿ ಕುಂಕುಮ ಕಂಡಿತು. ನಾನು ಇಟ್ಟಿರಲಿಲ್ಲ. ಒರೆಸಲು ಹೋದೆ. ಅದು ಬೆರಳಿಗೆ ಹತ್ತಲಿಲ್ಲ. ನನ್ನ ಕೈಯ ಮೇಲೆ ಬಂದು ಕೂತಿತು. ಹೊರಗೆ ನೋಡಿದರೆ ನಿಮ್ಮ ಮಹಡಿಯಲ್ಲಿ ಕುರ್ಚಿ ಮಾತ್ರ ಇತ್ತು, ನಮ್ಮ ಕಡೆಗೆ ಮುಖ ಮಾಡಿಕೊಂಡು.

ನಗಬೇಡಿ ಅಮ್ಮಾ. ಯಾರನ್ನಾದರೂ ಕಳಿಸಿ ಆ ಕುರ್ಚಿಯನ್ನು ಆಚೆಗೆ ತಿರುಗಿಸಿಡಲು ಹೇಳಿ. ಕೀ ನನ್ನ ಬಳಿಯೇ ಇದೆ, ನಿಜ. ಆದರೆ ಮಹಡಿಯ ಬಾಗಿಲು ತೆರೆಯುವುದು ಆ ಕುರ್ಚಿಯ ಎದುರಿಗೇ.

ಕಿಟಕಿ ಮುಚ್ಚಿಕೊಂಡು ಬರೆದ,
ಮಹಾನಂದಾ