ನಿನ್ನ ಕಾಮಕಸ್ತೂರಿ, ಈ ಸಲ

ಡಿಸ್ಕವರಿ ಗಾರ್ಡನ್ಸ್, ದುಬೈ
23 ನವೆಂಬರ್ 2016

ಪ್ರೀತಿಯ ತೆರೆಸಾ,

ನಾನು ಕ್ಷೇಮ, ಗಿಡಗಳೂ ಕ್ಷೇಮ. ಕತ್ತರಿ ತಗಲಿದ ಮೇಲೂ ಚಿಗುರುತ್ತಿವೆ. ಬರೆಯುತ್ತೇನೆಂದು ಹೇಳಿ ಎರಡು ಶುಕ್ರವಾರ ದಾಟಿಸಿದ್ದಕ್ಕೆ ಬೈಯಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಲ್ಲಿ ನನ್ನ ವಾಕ್ಯಗಳನ್ನೆಲ್ಲ ನೀನೇ ಮುಗಿಸುತ್ತೀ. ಕಾಗದದಲ್ಲಾದರೆ ಪೂರ್ಣವಿರಾಮ ನನ್ನದು.

ಜೊತೆಗಿರುವ ಬಾಟಲಿಯನ್ನು ಮೊದಲು ಮೂಸಿ ನೋಡು, ಆಮೇಲೆ ಓದು. ಹೋದ ವರ್ಷ ನಿನ್ನ ಕಾಮಕಸ್ತೂರಿಯನ್ನು ಬಾಲ್ಕನಿಯ ಬಿಸಿಲಿಗೆ ಹರವಿ ಹಪ್ಪಳ ಮಾಡಿದ್ದೆ. ನೀನು ಬನಿಯಾಸಿನ ನರ್ಸುಗಳ ಕ್ವಾರ್ಟರ್ಸಿನಲ್ಲಿ ಚಳಿಗಾಲವಿಡೀ ನೈಟ್ ಡ್ಯೂಟಿಗೆ ಆ ಬೈಹುಲ್ಲಿನ ಕಷಾಯ ಕುಡಿದು, ಕೊನೆಗೆ ಒಂದೇ ಮಾತು ಹೇಳಿದೆ: "ಇನ್ನೊಮ್ಮೆ ಹಾಳು ಮಾಡಿದ್ರೆ ಕುಂಡಗಳನ್ನು ನಾನೇ ಕೊಂಡೋಗ್ತೇನೆ." ಗಿಡದ ಹೆಸರಿನ ಮೊದಲರ್ಧ ನಮ್ಮ ವಯಸ್ಸಿಗೆ ಒಪ್ಪುವುದಿಲ್ಲ ಎನ್ನುವವಳು ನೀನು, ಉಳಿದರ್ಧವನ್ನಾದರೂ ಕಾಪಾಡಬೇಕೆಂದು ನಾನು ಹಟ ತೊಟ್ಟೆ.

ಒಣಗಿಸುವ ಕ್ರಮವನ್ನು ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಕ್ಕಿದ ಪಾಠಗಳೆಲ್ಲ ಗಾಂಜಾದವರವು, ಯಾವುದೋ ದೂರದೇಶದ ಮಹನೀಯರು. ಬೆಚ್ಚಿ ಮುಚ್ಚಿದೆ. ಅಷ್ಟರಲ್ಲಿ ವಿದ್ಯೆ ತಲೆಗೇರಿತ್ತು: ಬಿಸಿಲು ಬೇಡ, ಕತ್ತಲೆ ಬೇಕು, ಅವಸರ ಸಲ್ಲದು. ಹೂ ಬಿಡುವ ಹೊತ್ತಿಗೆ ಕೊಯ್ದು, ಧೂಳು ಒರೆಸಿ, ನಿನ್ನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಬ್ಯಾಂಡೇಜಿನಿಂದ ಕಟ್ಟು ಕಟ್ಟಿ, ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ತಲೆಕೆಳಗಾಗಿ ನೇತುಹಾಕಿದೆ. ಪರದೆ ಎಳೆದು ಏಸಿ ಹಾಕಿದೆ. ಎಲೆ ಗರಿಗರಿಯಾಯಿತೆಂದು ಬಾಟಲಿಗೆ ತುಂಬಿದರೆ ಸಂಜೆಗೆ ಗಾಜು ಬೆವರಿತ್ತು. ಕಡ್ಡಿಯೊಳಗೆ ಇನ್ನೂ ನೀರಿತ್ತು. ಮತ್ತೆ ಹೊರತೆಗೆದು ಪೇಪರಿನ ಮೇಲೆ ಹರವಿ, ಕಡ್ಡಿ ಬಾಗದೆ ಲಟಕ್ಕೆಂದು ಮುರಿಯುವವರೆಗೆ ಕಾದೆ. ಆಮೇಲೆ ದಿನವೂ ಬೆಳಿಗ್ಗೆ, ಮಧ್ಯಾಹ್ನ ಮುಚ್ಚಳ ತೆರೆದು ಗಾಳಿಯಾಡಿಸುವ ಕೆಲಸ. ಮೊದಮೊದಲು ಹೋದ ವರ್ಷದ ಬೈಹುಲ್ಲೇ. ಇನ್ನೇನು ಕೈಬಿಡಬೇಕು ಎನ್ನುವಾಗ ಪರಿಮಳ ತಾನಾಗಿ ವಾಪಸು ಬಂತು. ಇದು ಒಣಜಂಬವೆಂದು ನಗಬೇಡ. ಒಣಗಿಸಿದವನ ಜಂಬ ಹಸಿಯಾಗಿರಲು ಹೇಗೆ ಸಾಧ್ಯ?

ಕೊನೆಯ ಕಟ್ಟುಗಳು ಇನ್ನೂ ನೇತಾಡುತ್ತಿದ್ದಾಗ ಎದುರುಮನೆಯ ಖೈರುನ್ನಿಸರಿಗೆ ಕಾರಿಡಾರಿನಲ್ಲಿ ವಾಸನೆ ಬಡಿದು, ಶಿಫ್ಟ್ ಮುಗಿಸಿ ಬಂದಿದ್ದ ಗಂಡ ಹಂಝನನ್ನು ಅಟ್ಟಿದರು. ಆತ ಕತ್ತಲೆ ಕೋಣೆ, ತಲೆಕೆಳಗಾದ ಗೊಂಚಲು, ಸಾಲು ಬಾಟಲಿ ನೋಡಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ವಿಕ್ಟರಣ್ಣ, ನಿಮ್ಗೆ ತಲೆ ಸರಿ ಉಂಟಾ? ಇಡೀ ಬಿಲ್ಡಿಂಗನ್ನೇ ಒಳಗೆ ಹಾಕಿಸ್ತೀರಾ ಮಾರಾಯ್ರೆ?"

ನಾನು ನಾಲ್ಕು ಎಲೆ ಅಂಗೈಯಲ್ಲಿ ಉಜ್ಜಿ ಅವನ ಮೂಗಿಗೆ ಹಿಡಿದೆ. ಹಂಝ ಕಣ್ಣು ಮುಚ್ಚಿದ. ಇದು ನಮ್ಮ ಉಮ್ಮನ ಬಾವಿಕಟ್ಟೆ ಹತ್ತಿರ ಇದ್ದ ಗಿಡವಲ್ಲವೇ ಎಂದ. ಖಲಾಸ್, ಕೇಸು ಅಲ್ಲಿಗೇ ವಜಾ. ಒಂದು ಬಾಟಲಿ ಲಂಚವನ್ನೂ ಕೇಳಿ ಪಡೆದ. ಹೊರಟವನು ತಿರುಗಿ ನಿಂತು, "ಅಲ್ಲ ಅಣ್ಣ, ಇವತ್ತು ಮಂಗಳವಾರ. ನಿಮ್ಗೆ ಆಫೀಸಿಲ್ವಾ?" ಎಂದು ಕೇಳಿದ. ಎಲೆಗೆ ಜ್ವರ, ರಜೆ ಹಾಕಿದ್ದೇನೆ ಎಂದೆ. ನಕ್ಕ, ಆದರೆ ಪೂರ್ತಿ ನಗಲಿಲ್ಲ.

ನಾಳೆ ಅವನ ಗಾಡಿ ಬನಿಯಾಸಿಗೆ ಬರುತ್ತದಂತೆ. ಬಾಟಲಿಯೂ ಈ ಕಾಗದವೂ ಅವನ ಕೈಯಲ್ಲೇ. ದೇವರು ನಿನ್ನ ರಾತ್ರಿಗಳನ್ನು ಹಗುರ ಮಾಡಲಿ, ನಿನ್ನ ರೋಗಿಗಳಿಗೆಲ್ಲ ಬೇಗ ನಿದ್ದೆ ಬರಲಿ.

ನಿನ್ನವನೇ ಆದ
ವಿಕ್ಟರ್

ತಾ.ಕ.: ಎಲೆ ಬೆಳಿಗ್ಗೆ ಹೇಗಿರುತ್ತದೆ, ಮಧ್ಯಾಹ್ನ ಹೇಗಾಗುತ್ತದೆ ಎಂದು ನನಗೆ ಹೇಗೆ ಗೊತ್ತಾಯಿತೆಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನು ಗಿಡ ಕತ್ತರಿಸುವ ಮೊದಲೇ ಕಂಪೆನಿ ನನ್ನನ್ನು ಕತ್ತರಿಸಿತ್ತು. ಜೆಬೆಲ್ ಅಲಿಗೆ ಹೋಗುವ ಆಫೀಸಿನ ಬಸ್ಸು ಈಗ ನನ್ನನ್ನು ಬಿಟ್ಟು ಹೋಗುತ್ತದೆ, ಕಿಟಕಿಯಿಂದ ನೋಡುತ್ತೇನೆ. ಈ ಫ್ಲ್ಯಾಟನ್ನೂ ಬಿಡಬೇಕು. ಬರಿಗೈಯಲ್ಲಿ ಹೇಳಲು ಮನಸ್ಸಾಗದೆ ಬಾಟಲಿ ಹದವಾಗಲೆಂದು ಕಾದೆ. ನೋಡು, ಈ ಸಲ ಎಲೆ ಹಾಳಾಗಲಿಲ್ಲ, ಆದರೂ ಕುಂಡಗಳನ್ನು ನೀನೇ ಒಯ್ಯಬೇಕಾಗಿದೆ. ನಿಮ್ಮ ಕ್ವಾರ್ಟರ್ಸಿಗೆ ಗಂಡಂದಿರನ್ನು ಬಿಡುವುದಿಲ್ಲವೆಂದು ಗೊತ್ತು. ಕುಂಡಗಳನ್ನು ಬಿಡುತ್ತಾರಾ, ಕೇಳಿ ನೋಡು.