ಜೇಡದ ಬೂಷ್ಟಿಗೆ ನಿನ್ನ ಹೆಸರು

ಅಕ್ಕಾ,

ನೀನು ಕೊನೆಯ ಸಲ ಆಸ್ಪತ್ರೆ ಸೇರುವ ಮುಂಚೆ ಸೇತುವೆಯ ಕೆಳಗಿನಿಂದ ಸತ್ತ ಜೇಡವೊಂದನ್ನು ತಂದಿದ್ದೆಯಲ್ಲ, ಅದರ ಮೈಮೇಲಿನ ಶಿಲೀಂಧ್ರ ಹೊಸ ಪ್ರಭೇದವೇ ಅಂತೆ. ನೀನು ಹೇಳಿದ್ದೇ ಸರಿ. ಇವತ್ತು ನಿನ್ನ ಗೈಡ್ ಮೇಡಂ ಅಮ್ಮನನ್ನೂ ನನ್ನನ್ನೂ ಪ್ರಯೋಗಾಲಯಕ್ಕೆ ಕರೆಸಿದ್ದರು.

"ಇದಕ್ಕೆ ಅವಳ ಹೆಸರೇ ಇಡ್ತಿದ್ದೀವಿ" ಎಂದರು.

ಅಮ್ಮನಿಗೆ ಸಿಟ್ಟು ಬಂತು. "ನನ್ನ ಮಗಳ ಹೆಸರು ಬೂಷ್ಟಿಗಾ? ಅವಳಿದ್ದಿದ್ರೆ ಒಪ್ತಿದ್ಲಾ?"

"ಅವಳಿದ್ದಿದ್ರೆ ಅವಳ ಹೆಸರು ಬರ್ತಾನೇ ಇರಲಿಲ್ಲಮ್ಮ. ಕಂಡುಹಿಡಿದವರು ತಮ್ಮ ಹೆಸರು ತಾವೇ ಇಟ್ಕೊಳ್ಳೋ ಪದ್ಧತಿ ಇಲ್ಲ. ನಿಮ್ಮ ಹೆಸರಿಡ್ತೀನಿ ಅಂತಿದ್ಲು. 'ನಮ್ಮಮ್ಮನ ಥರಾನೇ ಮೇಡಂ, ಹಿಡಿದ್ರೆ ಬಿಡಲ್ಲ' ಅಂತ" ಎಂದರು ಮೇಡಂ.

ಅಮ್ಮನಿಗೆ ನಗು ಬಂತು. ನಕ್ಕಿದ್ದಕ್ಕೆ ಅವಳಿಗೇ ನಾಚಿಕೆಯೂ ಆಯಿತು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಜೇಡದ ಕಾಲಿನ ಸಂದುಸಂದಿನಿಂದ ಬಿಳಿ ಎಳೆಗಳು ಹೊರಬಂದಿದ್ದವು. ಇದು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ, ಹೊರಗೆ ಕಾಣುವಷ್ಟರಲ್ಲಿ ಜೇಡ ಸತ್ತಿರುತ್ತದೆ ಎಂದು ಮೇಡಂ ವಿವರಿಸಿದರು.

ಅಮ್ಮ ತಲೆ ಎತ್ತದೆಯೇ ಕೇಳಿದಳು: "ಅದಕ್ಕೆ ನೋವಾಗಿರುತ್ತಾ?"

"ಗೊತ್ತಿಲ್ಲಮ್ಮ" ಎಂದರು ಮೇಡಂ.

ಆಗ ಅಮ್ಮ ನನ್ನ ಕಡೆ ತಿರುಗಿದಳು. ಆ ಕೊನೆಯ ವಾರ ವಾರ್ಡಿನಲ್ಲಿ ನಿನ್ನ ಪಕ್ಕ ಇದ್ದವಳು ನಾನೊಬ್ಬಳೇ ಅಲ್ಲವೇ. ಮೂರನೆಯವರ ಮುಂದೆ ಬಾಯಿಬಿಡದ ನಾನು ತಡಮಾಡದೆ ಅಂದೆ:

"ಇಲ್ಲಮ್ಮ. ಒಂಚೂರೂ ಇಲ್ಲ."

ನಿನ್ನ ತಂಗಿ