ಬಿಳಿ ಗೆರೆಯ ಮಾಂಸ

ಸೆಲಿನ್ ಬಾಯಿಯವರಿಗೆ,

ನನ್ನ ಕೈಬರಹ ಚೆನ್ನಾಗಿಲ್ಲ, ಕಾಗುಣಿತದ ತಪ್ಪುಗಳೂ ಇರಬಹುದು, ಕ್ಷಮಿಸಿ. ಐದನೇ ಕ್ಲಾಸಿನ ನಂತರ ಬರೆದದ್ದು ಕಡಿಮೆ. ನಿಮ್ಮ ಎದುರು ನಿಂತರೆ ನನಗೆ ಮಾತು ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸರ್ ತಮ್ಮ ಆಫೀಸಿನ ದೊಡ್ಡವರ ಊಟಕ್ಕೆಂದು ತಂದಿಟ್ಟ ದನದ ಮಾಂಸದಲ್ಲಿ ತುಂಬ ಬಿಳಿ ಕೊಬ್ಬಿನ ಗೆರೆಗಳಿದ್ದವು. ಊರಿನಲ್ಲಿ ಅಂಥದ್ದನ್ನು ತೂಗಿದರೆ ಅಮ್ಮ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ಸರ್‌ಗೆ ಮೋಸವಾಗಿದೆ ಎಂದುಕೊಂಡು ಕೊಬ್ಬನ್ನೆಲ್ಲ ಕೆತ್ತಿ ಎಸೆದೆ. ಉಳಿದದ್ದನ್ನು ನಮ್ಮೂರಿನ ಬಫಾತ್ ಮಸಾಲೆ ಪುಡಿ ಹಾಕಿ ಕುಕ್ಕರಿನಲ್ಲಿ ಬೇಯಿಸಿದೆ.

"ಎರಡು ನಿಮಿಷ ಕಾವಲಿಗೆ ಹಾಕಿ ತಿನ್ನುವ ಮಾಂಸ ಮಾರಾಯ್ತಿ ಇದು. ಮದುವೆ ಮನೆಯ ಸಾರು ಮಾಡಿಟ್ಟಿದ್ದೀಯಲ್ಲ" ಎಂದರು ಸರ್. ಮರುದಿನ ಇಲ್ಲಿಯ ಟೋಟೆಮ್ ಲೇಕಿನ ಮಾಂಸದ ಅಂಗಡಿಗೆ ಕರೆದೊಯ್ದು ತೋರಿಸಿದರು. ಈ ದೇಶದಲ್ಲಿ ಬಿಳಿ ಗೆರೆ ಹೆಚ್ಚಿದಷ್ಟೂ ದರ್ಜೆ ಮೇಲೆ, ಬೆಲೆಯೂ ಮೇಲೆ. ಒಳ್ಳೆಯದೆಂದು ನಾನು ಆರಿಸುತ್ತಿದ್ದ ಕೆಂಪು ತುಂಡು ಎಲ್ಲಕ್ಕಿಂತ ಕೆಳಗಿನ ದರ್ಜೆಯದು.

ಶನಿವಾರಕ್ಕೆ ಊರಿಗೆ ಮರಳುವ ನನ್ನ ಟಿಕೆಟ್ ಆಗಿದೆ ಎಂದು ಗೊತ್ತು. ಇಲ್ಲೇ ಇರಿಸಿಕೊಳ್ಳಿ ಎಂದು ಕೇಳುವುದಿಲ್ಲ. ನನ್ನನ್ನು ನಿಮ್ಮಲ್ಲಿಗೆ ಕಳಿಸಿದ ಕಾನ್ವೆಂಟಿನ ಮದರ್‌ಗೆ ಫೋನ್ ಮಾಡುವಾಗ, ಹುಡುಗಿ ತಿಳಿಯದೆ ಹಾಳು ಮಾಡಿದಳು ಎಂದಷ್ಟೇ ಹೇಳಿ. ಉಡಾಫೆ ಮಾಡಿದಳು ಎಂದರೆ ಅವರು ನನ್ನ ತಂಗಿ ಫ್ಲಾವಿಯನ್ನು ಯಾವ ಮನೆಯ ಕೆಲಸಕ್ಕೂ ಕಳಿಸುವುದಿಲ್ಲ. ನಿನ್ನೆ ನೀವು ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡಿದ್ದು ಅವರೊಡನೆಯೇ ಆಗಿದ್ದರೆ, ಈ ಕಾಗದವನ್ನು ಹರಿದುಹಾಕಿ.

ಪುಟ್ಟ ಕೆಲ್ವಿನ್ ಎಚ್ಚರವಿದ್ದರೆ ಉಗುರು ಕತ್ತರಿಸಲು ಬಿಡುವುದಿಲ್ಲ. ಇವತ್ತು ಬೆಳಿಗ್ಗೆ ಅವನು ಏಳುವ ಮೊದಲೇ ಹತ್ತೂ ಬೆರಳಿನದನ್ನು ಕತ್ತರಿಸಿದ್ದೇನೆ.

ನಿಮ್ಮ ಅಡುಗೆಯ
ಲವೀನಾ